ಭಟ್ಟಿ ನಡೆಸುವುದೂ ‘ರನ್’, ಮೂಗು ಸೋರುವುದೂ ‘ರನ್’: ದಾವಣಗೆರೆಯ ಒಂದು ಸಂಜೆ ತರಗತಿ

ದಾವಣಗೆರೆಯ ಎಪಿಎಂಸಿಯಲ್ಲಿ ಒಂದು ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುವವನು ನಾನು. ಮೆಕ್ಕೆಜೋಳ ಕೊಳ್ಳುವ ಹೊರರಾಜ್ಯದ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವ ಕೆಲಸವೂ ನನ್ನ ತಲೆಗೇ ಬಂದದ್ದರಿಂದ, ಪಿ.ಜೆ. ಬಡಾವಣೆಯಲ್ಲಿ ಸಂಜೆ ಏಳಕ್ಕೆ ನಡೆಯುವ ಸ್ಪೋಕನ್ ಇಂಗ್ಲಿಷ್ ತರಗತಿಗೆ ಎರಡು ತಿಂಗಳ ಶುಲ್ಕ 4,500 ರೂಪಾಯಿ ಕಟ್ಟಿ ಸೇರಿದೆ. ಅಲ್ಲಿ ವಾರಕ್ಕೊಂದು ಕ್ರಿಯಾಪದವನ್ನು ಹಿಡಿದು ಕಲಿಸುತ್ತಾರೆ. ‘ರನ್’ ಪದದ ಒಂದು ವಾರವನ್ನು ವಿವರಿಸಿದರೆ ತರಗತಿಯ ಗುಣವೂ ದೋಷವೂ ತಿಳಿಯುತ್ತವೆ.

ಮೊದಲ ದಿನ ಮೇಷ್ಟ್ರು ಪದದ ಅರ್ಥವನ್ನೇ ಹೇಳಲಿಲ್ಲ. ಮನೆಯಲ್ಲಿ, ಕೆಲಸದಲ್ಲಿ ದಿನವೂ ಆಡುವ ಒಂದೊಂದು ಕನ್ನಡ ವಾಕ್ಯವನ್ನು ಹೇಳಿಸಿದರು. ಮಂಡಕ್ಕಿ ಭಟ್ಟಿಯ ಕಡೆಯಿಂದ ಬರುವ ಮಹಿಳೆಯೊಬ್ಬರು “ನಮ್ಮನೆಯವ್ರು ಭಟ್ಟಿ ನಡೆಸ್ತಾರೆ ಸರ್” ಎಂದರು. “ಹಾಗಾದ್ರೆ ‘ವಾಕ್’ ಅಂತ ಹಾಕೋಣ್ವಾ ಅಮ್ಮಾ?” ಎಂದು ಮೇಷ್ಟ್ರು ಕೇಳಿದಾಗ ಅವರೂ ಸೇರಿ ಎಲ್ಲರೂ ನಕ್ಕರು. ನಾವು ನಡೆಸುವ ಅಂಗಡಿ, ಭಟ್ಟಿ, ಶಾಲೆಗಳನ್ನೆಲ್ಲ ಇಂಗ್ಲಿಷಿನವರು ಓಡಿಸುತ್ತಾರೆ ಎಂಬುದು ಆ ನಗುವಿನಲ್ಲೇ ಮನಸ್ಸಿಗೆ ಇಳಿಯಿತು. ಭದ್ರಾ ನಾಲೆ ತಮ್ಮ ಹೊಲದ ಪಕ್ಕ ಹರಿಯುತ್ತದೆ ಎಂದ ಹುಡುಗನಿಗೂ, ಮಗುವಿನ ಮೂಗು ಸೋರುತ್ತಿದೆ ಎಂದವರಿಗೂ, ಹೊಸ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು ಎಂದವರಿಗೂ ಸಿಕ್ಕಿದ್ದು ಅದೇ ಪದ. ಹಲಗೆಯ ಎಡಗಡೆ ನಡೆಸು, ಹರಿ, ಸೋರು, ಬಿಡು ಎಂದು ಕನ್ನಡದ ಕ್ರಿಯಾಪದಗಳು ಬೆಳೆಯುತ್ತ ಹೋದವು. ಬಲಗಡೆ ಒಂದೇ ಪದ ನಿಂತಿತ್ತು. ಮೋಟಾರು ಓಡುತ್ತದೆ, ಸಿನಿಮಾ ನೂರು ದಿನ ಓಡಿತು ಎನ್ನುವಲ್ಲಿ ಮಾತ್ರ ಎರಡು ಭಾಷೆಗಳೂ ಜೊತೆಯಾಗಿ ಓಡಿದವು. ಚುನಾವಣೆಗೆ ನಾವು ನಿಲ್ಲುತ್ತೇವೆ, ಬ್ರಿಟನ್ನಿನವರೂ ‘ಸ್ಟ್ಯಾಂಡ್’ ಎಂದು ನಿಲ್ಲುತ್ತಾರೆ, ಅಮೆರಿಕದವರು ‘ರನ್’ ಎಂದು ಓಡುತ್ತಾರೆ ಎಂಬ ಮಾತಂತೂ ನನಗೆ ಹೊಸದು. 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಅತಿ ಉದ್ದದ ವಿವರಣೆ ‘ಸೆಟ್’ ಪದದ್ದಾಗಿತ್ತು, ಈಚಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದವೊಂದಕ್ಕೇ 600ಕ್ಕೂ ಹೆಚ್ಚು ಅರ್ಥಗಳನ್ನು ಗುರುತಿಸಿದ್ದಾರೆ ಎಂದೂ ಅವರು ತಿಳಿಸಿದರು. ಅಷ್ಟನ್ನು ಯಾರೂ ಬಾಯಿಪಾಠ ಮಾಡಲಾರರು; ಆದ್ದರಿಂದಲೇ ಅವರ ಈ ಕ್ರಮ ನನಗೆ ಸರಿಯೆನಿಸಿತು.

ಆದರೆ ಮೂರನೆಯ ದಿನ ಕೈಗೆ ಬಂದ ಜೆರಾಕ್ಸ್ ಹಾಳೆಗಳು ಈ ಶ್ರಮವನ್ನೆಲ್ಲ ನೀರಿಗೆ ಹಾಕಿದವು. ಅದರಲ್ಲಿ ‘ರನ್’ ಎದುರು ‘ಓಡು’ ಎಂದಷ್ಟೇ ಇತ್ತು, ಕೆಳಗೆ ‘ರನ್, ರ‍್ಯಾನ್, ರನ್’ ಎಂಬ ಮೂರು ರೂಪಗಳು, ಮತ್ತೆ ತುಂಬಲು ಹತ್ತು ಖಾಲಿ ಜಾಗಗಳು. ಜ್ವರ ಬಂದಿದೆ ಎನ್ನುವುದಕ್ಕೆ ‘ಐ ಆಮ್ ರನ್ನಿಂಗ್ ಫೀವರ್’ ಎಂದು ಅಚ್ಚಾಗಿತ್ತು; ‘ಫೀವರ್’ ಹಿಂದೆ ‘ಎ’ ಬರಬೇಕಲ್ಲವೇ ಎಂದು ಕೇಳಿದರೆ, ಪರೀಕ್ಷೆಗೆ ಇಷ್ಟು ಸಾಕು ಎಂಬ ಉತ್ತರ ಬಂತು. ಪರೀಕ್ಷೆ ಬರೆಯುವವರು ಬೇರೆ, ಮೇಲ್ ಬರೆಯುವವರು ಬೇರೆ.

ನನಗೆ ಬೇಕಾಗಿದ್ದು ‘ರನ್ ಔಟ್’ ಮತ್ತು ‘ರನ್ ಶಾರ್ಟ್’. ಮಾಲು ಪೂರ್ತಿ ಖಾಲಿಯಾದರೆ ಮೊದಲನೆಯದು, ಕಡಿಮೆ ಬೀಳುತ್ತಿದ್ದರೆ ಎರಡನೆಯದು. ಇವನ್ನು ಅದಲುಬದಲು ಮಾಡಿದರೆ ಕೊಳ್ಳುವವರು ಲಾರಿಯನ್ನೇ ಬೇರೆ ಊರಿಗೆ ತಿರುಗಿಸುತ್ತಾರೆ. ತರಗತಿಯ ಹುಡುಗರಿಗೆ ರನೌಟ್ ಎಂದರೆ ಕ್ರಿಕೆಟ್ ಒಂದೇ ಆದ್ದರಿಂದ ಅಲ್ಲಿ ನಿಲ್ಲಿಸಿ ವಿವರಿಸಬೇಕಿತ್ತು. ಮೇಷ್ಟ್ರು ಐದು ನಿಮಿಷದಲ್ಲಿ ಮುಗಿಸಿದರು.

ಮೂವತ್ತೈದು ಜನರಿಗೆ ಕೋಣೆ ಇಕ್ಕಟ್ಟು, ಫ್ಯಾನು ಎರಡೇ. ಮಾತು ಕಲಿಯಬೇಕೆನ್ನುವವರು ಸೇರಬಹುದು. ಬರವಣಿಗೆಗೆಂದು ಬರುವವರು, ಶುಲ್ಕ ಕಟ್ಟುವ ಮೊದಲು ಆ ಹಾಳೆಗಳನ್ನು ಕೇಳಿ ಪಡೆದು ಓದಿ ನೋಡುವುದು ಒಳ್ಳೆಯದು. ಕಟ್ಟಿದ ಹಣವನ್ನು ಅವರು ಹಿಂತಿರುಗಿಸುವುದಿಲ್ಲ.