ಮೈಸೂರು ಮೆಡಿಕಲ್ಲೋ, ಬೆಂಗಳೂರು ಮೆಡಿಕಲ್ಲೋ?

ಅಕ್ಕನ ಮಗಳಿಗೆ ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದೆ. ಎರಡು ಕಾಲೇಜಿನಲ್ಲಿ ಯಾವುದಾದರೂ ಸಿಗುವಂತಿದೆ. "ಚಿಕ್ಕಮ್ಮ, ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನ ಮೊದಲು ಹಾಕ್ಲಿ?" ಎಂದು ಕೇಳಿದಳು. ನಾನು ಎಂಬಿಬಿಎಸ್ ಓದಿದ್ದು ಮೈಸೂರಿನಲ್ಲಿ, ಹೆರಿಗೆ ವಿಭಾಗದಲ್ಲಿ ಪೀಜಿ ಮಾಡಿದ್ದು ಬೆಂಗಳೂರಿನಲ್ಲಿ. ಹಾಗಾಗಿ ನನ್ನನ್ನು ಕೇಳಿದ್ದು ಸರಿಯೇ.

ಫೀಸ್, ಸಿಲೆಬಸ್, ಪರೀಕ್ಷೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ ಎಂದೆ. ಎರಡೂ ಸರ್ಕಾರಿ ಕಾಲೇಜು, ಎರಡಕ್ಕೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವೇ ಪರೀಕ್ಷೆ ನಡೆಸುವುದು. ಹೆಸರಿನ ವಿಷಯಕ್ಕೆ ಬಂದರೆ ಮೈಸೂರಿನದೇ ಹಳೆಯದು. 1924ರಲ್ಲಿ ಬೆಂಗಳೂರಿನಲ್ಲೇ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರು ಮೆಡಿಕಲ್ ಕಾಲೇಜು ಬಂದಿದ್ದು 1955ರಲ್ಲಿ.

ನಿಜವಾದ ವ್ಯತ್ಯಾಸ ಇರುವುದು ವಾರ್ಡಿನಲ್ಲಿ. ಬೆಂಗಳೂರಿನಲ್ಲಿ ವರ್ಷಕ್ಕೆ 250 ಎಂಬಿಬಿಎಸ್ ಸೀಟು, ಮೈಸೂರಿನಲ್ಲಿ 150. ಕೇಳೋಕೆ ಸಣ್ಣ ವಿಷಯ. ಆದರೆ ಲಿವರ್ ಊದಿದ ಒಬ್ಬ ರೋಗಿಯ ಹೊಟ್ಟೆಯನ್ನು ಎಷ್ಟು ಜನ ಮುಟ್ಟಿ ನೋಡಬಹುದು? ನಾಲ್ಕನೆಯವರು ಮುಟ್ಟುವಾಗಲೇ ರೋಗಿಯ ಮುಖದಲ್ಲಿ ನೋವು ಕಾಣುತ್ತದೆ. ಹಿಂದೆ ನಿಂತವರು ಸುಮ್ನೆ ಬರೆದುಕೊಂಡು ಹೋಗುತ್ತಾರೆ.

ಮೈಸೂರು ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಗೆ ಎಚ್.ಡಿ. ಕೋಟೆ, ಚಾಮರಾಜನಗರ, ಕೊಡಗಿನಿಂದ ಜನ ಬರುತ್ತಾರೆ. ಹಾವು ಕಚ್ಚಿದವರು, ಹೊಲದ ಔಷಧಿ ಕುಡಿದವರು, ಟಿಬಿ. ನಾಳೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬಳೇ ಕೂತಾಗ ಎದುರಾಗುವುದೂ ಇದೇ ಕೇಸುಗಳು. ಅದೇ ಕಾಲೇಜಿನ ಹೆರಿಗೆ ಆಸ್ಪತ್ರೆ ಚೆಲುವಾಂಬದಲ್ಲಿ ಇಂಟರ್ನ್ ಆಗಿದ್ದಾಗ, ಸಿಸ್ಟರ್ ಒಬ್ಬರು ನನ್ನ ಕೈ ಮೇಲೆ ತಮ್ಮ ಕೈ ಇಟ್ಟು, ಮಗುವಿನ ತಲೆ ಹೊರಗೆ ಬರುವಾಗ ಎಷ್ಟು ತಡೆಯಬೇಕು ಎಂದು ಕಲಿಸಿದರು. ಈಗಲೂ ಹೆರಿಗೆ ಮಾಡಿಸುವಾಗ ಆ ಒತ್ತಡ ನನ್ನ ಅಂಗೈಯಲ್ಲಿದೆ.

ಬೆಂಗಳೂರು ಕಾಲೇಜಿನ ಹೆರಿಗೆ ಆಸ್ಪತ್ರೆ ವಾಣಿ ವಿಲಾಸದಲ್ಲಿ ಕಂಡದ್ದೇ ಬೇರೆ. ಕೋಲಾರ, ತುಮಕೂರು, ರಾಮನಗರ ಕಡೆಯಿಂದ ರೆಫರ್ ಆಗಿ ಬರುವವರೇ ಜಾಸ್ತಿ. ಫಿಟ್ಸ್ ಬಂದ ಬಸುರಿ, ರಕ್ತ ನಿಲ್ಲದ ಬಾಣಂತಿ. ಪೀಜಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ, ಅಲ್ಲಿ ಸುಟ್ಟ ಗಾಯಗಳಿಗೇ ಪ್ರತ್ಯೇಕ ವಾರ್ಡು. ಕಣ್ಣಿಗೆ ಮಿಂಟೋ. ಒಂದೇ ಸರಹದ್ದಿನಲ್ಲಿ ಇಷ್ಟೆಲ್ಲ ಸಿಗುವುದು ದೊಡ್ಡ ಮಾತು. ತೆಲುಗು, ತಮಿಳು, ಉರ್ದು ಕೂಡ ತಾನಾಗಿ ಬಾಯಿಗೆ ಬರುತ್ತದೆ. ಆದರೆ ಅಷ್ಟು ಕಷ್ಟದ ಕೇಸನ್ನು ಪೀಜಿಗಳೇ ನೋಡಬೇಕಾಗುತ್ತದೆ. ಎಂಬಿಬಿಎಸ್ ಮಕ್ಕಳ ಕೈಗೆ ಯಾರು ಕೊಡುತ್ತಾರೆ, ಅಲ್ವಾ?

ಖರ್ಚಿನಲ್ಲಿ ಮೈಸೂರು ಹಗುರ. ಹಾಸ್ಟೆಲಿನಿಂದ ವಾರ್ಡಿಗೆ ನಡೆದೇ ಹೋಗುತ್ತಿದ್ದೆವು. ಆದರೆ ಅಕ್ಕನ ಮಗಳು ಬೆಳೆದದ್ದು ಬೆಂಗಳೂರಿನಲ್ಲೇ, ಮನೆಯಿಂದ ಮೆಟ್ರೋ ಹತ್ತಿದರೆ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಬಹುದು. ಅಮ್ಮನ ಊಟ ಬಿಟ್ಟು ಹೋಗುವುದು ಅವಳಿಗೆ ಕಷ್ಟವೇ.

ಆದರೂ ಮೈಸೂರನ್ನೇ ಮೊದಲು ಹಾಕು ಎಂದೆ. ಪೀಜಿಗೆ ಬೆಂಗಳೂರಿಗೆ ಬಾ. ಭಾವ ಇನ್ನೂ ಒಪ್ಪಿಲ್ಲ. ಭಾನುವಾರ ಅವರ ಮನೆಗೆ ಹೋಗಿ ಮಾತಾಡಬೇಕು.