ಮೂರು ರೋಬೋಟ್, ಮೂರೂ ಸೊಟ್ಟ: ಮಗಳಿಗೆ ಒಗ್ಗಿದ ಕಿಟ್ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಡಿ ಸಾಮಾನಿಗೆ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕವರಿಗೆ ಹಾಕಿಸಿಕೊಂಡು ಬಂದ ಆರ್ಡುಯಿನೊ ಬೋರ್ಡು (ನಾವು ಬರೆದ ಪ್ರೋಗ್ರಾಮ್ ಓಡಿಸುವ ಪುಟ್ಟ ಕಂಪ್ಯೂಟರ್), ಎರಡು ಹಳದಿ ಮೋಟಾರು, ಒಂದು ಕಟ್ಟು ವೈರು. ಎಲ್ಲ ಸೇರಿ 1,590 ರೂಪಾಯಿ. ಅದಕ್ಕೂ ಮೊದಲು 6,200 ಕೊಟ್ಟು ಚೆಂದದ ಡಬ್ಬದ ಕಿಟ್ ಒಂದನ್ನು ತಂದಿದ್ದೆ. ಅದು ಈಗ ಬೀರುವಿನ ಮೇಲಿದೆ. ಮಧ್ಯದಲ್ಲಿ ದಸರಾ ರಜೆಗೆ ಬಾಮೈದನ ಮನೆಯಿಂದ ಮೈಕ್ರೋಬಿಟ್ ಅನ್ನುವ ಇನ್ನೊಂದು ಬೋರ್ಡಿನ ಕಾರು ಹದಿನೈದು ದಿನ ಎರವಲು ಬಂದಿತ್ತು. ಮೂರನ್ನೂ ಒಬ್ಬಳೇ ಹುಡುಗಿ, ಒಂದೇ ಹಾಲ್‌ನ ಟೈಲ್ಸ್ ಮೇಲೆ ಓಡಿಸಿದ್ದಾಳೆ.

ನಮ್ಮದು ತುಮಕೂರು. ಬಿ.ಎಚ್. ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ. ಸುತ್ತಮುತ್ತ ಇಂಜಿನಿಯರಿಂಗ್ ಹುಡುಗರು ಇರುವುದರಿಂದ ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್ ಜಾಸ್ತಿ. ಅಡ್ಡ ಬಂದದ್ದನ್ನು ತಪ್ಪಿಸಿಕೊಂಡು ಹೋಗುವ ರೋಬೋಟ್ ಬಗ್ಗೆ ವರ್ಷಕ್ಕೆ ಮೂರು ರಿಪೋರ್ಟಾದರೂ ನನ್ನ ಕೈಯಲ್ಲೇ ಪ್ರಿಂಟ್ ಆಗುತ್ತವೆ. ಮೇಲಿನ ಹೆಸರು ಬೇರೆ, ಒಳಗಿನ ಚಿತ್ರ ಅದೇ. ನೋಡಿ ನೋಡಿ, ಇದನ್ನು ನನ್ನ ಮಗಳೂ ಮಾಡಬಹುದಲ್ಲ ಅನಿಸಿತು. ಅವಳು ಏಳನೇ ಕ್ಲಾಸು.

ಡಬ್ಬದ ಕಿಟ್ ಮಾಡಿದ ಕಂಪನಿಯ ಹೆಸರು ಬೇಡ. ಜೋಡಿಸುವುದು ಮಾತ್ರ ಸುಖ. ಟಕ್ ಟಕ್ ಅಂತ ಎಲ್ಲ ಕೂರುತ್ತದೆ, ಮುಕ್ಕಾಲು ಗಂಟೆಯಲ್ಲಿ ರೋಬೋಟ್ ತಯಾರು. ಕಣ್ಣು ಮಿಟುಕಿಸುತ್ತದೆ, ರಾಗ ಹಾಡುತ್ತದೆ. ಮೊದಲ ದಿನ ಪಕ್ಕದ ಮನೆಯವರೂ ಬಂದು ನೋಡಿ ಹೋದರು.

ಎರಡನೇ ದಿನದಿಂದ ಶುರುವಾಯಿತು. ಅದಕ್ಕೆ ಪ್ರೋಗ್ರಾಮ್ ಹಾಕಬೇಕಾದರೆ ಫೋನಿನ ಆಪ್ ಬೇಕು. ಆಪ್ ತೆರೆದರೆ ಓಟಿಪಿ. ಓಟಿಪಿ ಆದ ಮೇಲೆ ಲೊಕೇಶನ್ ಆನ್ ಮಾಡು ಅನ್ನುತ್ತದೆ. ಲೊಕೇಶನ್ ವಿಷಯದಲ್ಲಿ ಆಪನ್ನು ಬೈಯುವಂತಿಲ್ಲ, ಹಳೇ ಆಂಡ್ರಾಯ್ಡ್ ಫೋನುಗಳಲ್ಲಿ ಬ್ಲೂಟೂತ್ ಸಾಧನ ಹುಡುಕಲು ಆ ಅನುಮತಿ ಬೇಕೇ ಬೇಕು. ಆದರೆ ಓಟಿಪಿ ಯಾಕೆ? ಆಟದ ಸಾಮಾನಿಗೆ ಓಟಿಪಿ! ನಾನು ಅಂಗಡಿ ಮುಚ್ಚಿ ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ. ರೋಬೋಟ್ ಮನೆಯಲ್ಲಿ, ಫೋನು ಅಂಗಡಿಯಲ್ಲಿ. ಸಂಜೆ ನಾಲ್ಕೂವರೆಗೆ ಸ್ಕೂಲಿಂದ ಬಂದ ಹುಡುಗಿ ಅದರ ಮುಖ ನೋಡಿಕೊಂಡು ಕೂರಬೇಕು. ಎಂಟನೇ ಪಾಠದ ನಂತರ ಮುಂದಿನದಕ್ಕೆ ದುಡ್ಡು ಕಟ್ಟಿ ಅಂತ ಬಂತು. ಕಟ್ಟಲಿಲ್ಲ.

ಇಷ್ಟೆಲ್ಲ ಸಹಿಸಿಕೊಳ್ಳುತ್ತಿದ್ದೆವೇನೋ. ಆದರೆ ಅದು ನೇರ ಹೋಗುತ್ತಿರಲಿಲ್ಲ.

ನಮ್ಮ ಹಾಲ್‌ನಲ್ಲಿ ಎರಡಡಿ ಟೈಲ್ಸ್. ಎರಡು ಟೈಲ್ ಸೇರುವ ಗೆರೆಯ ಮೇಲೆ ರೋಬೋಟ್ ಇಟ್ಟು "ಮುಂದೆ" ಅಂದರೆ ಗೆರೆ ಹಿಡಿದು ಹೋಗಬೇಕು ತಾನೇ? ಆರು ಟೈಲ್ ದಾಟುವಷ್ಟರಲ್ಲಿ ಒಂದೂವರೆ ಟೈಲ್ ಎಡಕ್ಕೆ ಸರಿದು ಸೋಫಾ ಕಾಲಿಗೆ ಗುದ್ದುತ್ತಿತ್ತು. ಪ್ರತಿ ಸಲವೂ. ಮಗಳು ಆಪ್‌ನಲ್ಲಿ ಹುಡುಕಿಯೇ ಹುಡುಕಿದಳು. "ಮುಂದೆ" ಅನ್ನುವ ಒಂದು ಬ್ಲಾಕ್ (ಎಳೆದು ಜೋಡಿಸುವ ಅಪ್ಪಣೆಯ ತುಂಡು), ಅದಕ್ಕೆ ನಿಧಾನ, ಮಧ್ಯಮ, ಜೋರು ಅಂತ ಮೂರು ವೇಗ. ಎಡ ಚಕ್ರಕ್ಕೊಂದು ವೇಗ, ಬಲ ಚಕ್ರಕ್ಕೊಂದು ವೇಗ ಅನ್ನುವ ಮಾತೇ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದೆ. ನುಣುಪಾದ ನೆಲದ ಮೇಲೆ ಓಡಿಸಿ ಸರ್ ಅಂದರು. ಟೈಲ್ಸ್‌ಗಿಂತ ನುಣುಪಾದ ನೆಲ ಇನ್ನೆಲ್ಲಿಂದ ತರುವುದು?

ನಮ್ಮಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ದಿವಾನದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಎರಡು ಮೋಟಾರು ಒಂದೇ ಸಮ ತಿರುಗಲ್ಲ ಪುಟ್ಟಿ" ಅಂದರು. "ಒಂದೇ ದಿನ ಕೂರಿಸಿದ ಎರಡು ವಾಚೂ ಒಂದೇ ಸಮ ಓಡ್ತಿರಲಿಲ್ಲ. ಒಂದು ಮುಂದೆ ಹೋಗೋದು, ಇನ್ನೊಂದು ಹಿಂದೆ ಬೀಳೋದು. ಅದಕ್ಕೇ ಒಳಗೆ ಒಂದು ಸಣ್ಣ ಕಡ್ಡಿ ಇರ್ತಿತ್ತು, ಆ ಕಡೆ ಈ ಕಡೆ ಕೂದಲೆಳೆಯಷ್ಟು ಸರಿಸಿ ಟೈಮ್ ಕೂರಿಸ್ತಿದ್ವಿ. ಇದರಲ್ಲಿ ಆ ಕಡ್ಡಿ ಎಲ್ಲಿದೆ ನೋಡು."

ಇರಲಿಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ಕಿಟ್ ಅಳೆಯುವುದು ಒಂದೇ ಪ್ರಶ್ನೆಯಿಂದ: ಕಡ್ಡಿ ಇದೆಯಾ?

ಮೈಕ್ರೋಬಿಟ್‌ನಲ್ಲಿ ಇತ್ತು. ಇದು ಬ್ರಿಟನ್ನಿನ ಬಿಬಿಸಿ ಮಾಡಿಸಿದ ಬೋರ್ಡು. 2016ರಲ್ಲಿ ಅಲ್ಲಿ ನಮ್ಮ ಹುಡುಗಿಯ ವಯಸ್ಸಿನ ಮಕ್ಕಳಿಗೆ ಸುಮಾರು ಹತ್ತು ಲಕ್ಷ ಬೋರ್ಡು ಪುಕ್ಕಟೆ ಹಂಚಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಅಗಲ. ಮೇಲೆ 25 ಕೆಂಪು ಲೈಟು, ಎರಡು ಬಟನ್ನು. ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ, ಪ್ರೋಗ್ರಾಮ್ ಫೈಲನ್ನು ಎಳೆದು ಅದರೊಳಗೆ ಹಾಕಿದರೆ ಮುಗಿಯಿತು. ಓಟಿಪಿ ಇಲ್ಲ, ಲಾಗಿನ್ ಇಲ್ಲ. ಬ್ಲಾಕ್‌ಗಳನ್ನು ಜೋಡಿಸುವ ಮೇಕ್‌ಕೋಡ್ ಬ್ರೌಸರ್‌ನಲ್ಲೇ ಓಡುತ್ತದೆ. ಎಡ ಮೋಟಾರಿಗೆ ಇಷ್ಟು, ಬಲಕ್ಕೆ ಇಷ್ಟು ಅಂತ ಬೇರೆ ಬೇರೆ ಬರೆಯಬಹುದು. ಕಾಲು ಗಂಟೆಯಲ್ಲಿ ಮಗಳು ಕಾರನ್ನು ಗೆರೆ ಹಿಡಿಸಿದಳು. ಆಮೇಲೆ ಬೋರ್ಡನ್ನು ಅಲ್ಲಾಡಿಸಿದರೆ ದಾಳ ಹಾಕಿದ ಹಾಗೆ ಒಂದರಿಂದ ಆರರ ತನಕ ಸಂಖ್ಯೆ ಬರುವ ಹಾಗೆ ಮಾಡಿ, ತಾತನ ಜೊತೆ ಹಾವು ಏಣಿ ಆಡಿದಳು.

ದುಡ್ಡಿನ ಮುಖ ನೋಡದವರು ಇಲ್ಲಿಗೇ ಓದುವುದು ನಿಲ್ಲಿಸಿ ಮೈಕ್ರೋಬಿಟ್ ತಗೊಳ್ಳಿ. ನಾಲ್ಕೈದನೇ ಕ್ಲಾಸಿನ ಮಕ್ಕಳಿಗಂತೂ ಅದೇ ಸರಿ. ಬೋರ್ಡು, ಕಾರು ಸೇರಿ ಬಾಮೈದ ಐದು ಸಾವಿರದ ಹತ್ತಿರ ಕೊಟ್ಟಿದ್ದ. ಡಬ್ಬದ ಕಿಟ್‌ಗೆ ಒಮ್ಮೆ ಅಷ್ಟು ಸುರಿದಿದ್ದ ನನಗೆ ಇನ್ನೊಮ್ಮೆ ಕೈ ಬರಲಿಲ್ಲ. ಮನೆಯವಳ ಮುಖ ನೋಡುವ ಧೈರ್ಯವೂ ಇರಲಿಲ್ಲ ಅನ್ನಿ.

ಯಾರೋ ಗಿರಾಕಿ ಸೆಕೆಂಡ್ ಹ್ಯಾಂಡ್ ಲೆಗೊ ಮೈಂಡ್‌ಸ್ಟಾರ್ಮ್ಸ್ ನೋಡಿ ಅಂದರು. ಒಳ್ಳೆಯ ಹೆಸರಿದ್ದ ರೋಬೋಟ್ ಕಿಟ್, 1998ರಿಂದ ಬರುತ್ತಿತ್ತು, 2022ರ ಕೊನೆಗೆ ಲೆಗೊದವರೇ ನಿಲ್ಲಿಸಿದರು. ಬೆಲೆ ಕೇಳಿ ನಾನೂ ಅಲ್ಲಿಗೇ ನಿಲ್ಲಿಸಿದೆ.

ಬಿಡಿ ಸಾಮಾನಿನ ದಾರಿ ತೋರಿಸಿದ್ದು ಬೈಂಡಿಂಗ್‌ಗೆ ಬಂದ ಹುಡುಗರು. ರಿಪೋರ್ಟಿನ ಹಿಂದೆ ಪಟ್ಟಿ ಇರುತ್ತಲ್ಲ, ಅದನ್ನೇ ಒಂದು ಜೆರಾಕ್ಸ್ ಹೊಡೆದು ಇಟ್ಟುಕೊಂಡೆ. ಒಂದು ಶನಿವಾರ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಮಗಳನ್ನು ಕರೆದುಕೊಂಡು ರೈಲು ಹತ್ತಿದೆ. ಎಸ್‌ಪಿ ರೋಡಿನಲ್ಲಿ ಪಟ್ಟಿ ಕೊಟ್ಟರೆ ದಿನಸಿ ಅಂಗಡಿಯಲ್ಲಿ ಕಟ್ಟಿಕೊಟ್ಟ ಹಾಗೆ ಕಟ್ಟಿಕೊಡುತ್ತಾರೆ. ಊನೊ ಅನ್ನುವ ಆ ಆರ್ಡುಯಿನೊ ಬೋರ್ಡು ಇಟಲಿಯ ಅಸಲಿ ಅಲ್ಲ, ಅದರ ನಕಲು. ಕಳ್ಳಮಾಲಲ್ಲ, ಆರ್ಡುಯಿನೊದವರು ಮೊದಲಿನಿಂದ ಬೋರ್ಡಿನ ನಕ್ಷೆಯನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಯಾರು ಬೇಕಾದರೂ ಮಾಡಬಹುದು. ಅದಕ್ಕೇ ನಾನೂರೈವತ್ತಕ್ಕೆ ಸಿಗುವುದು.

ಸುಲಭ ಅಂತ ಮಾತ್ರ ತಿಳಿಯಬೇಡಿ. ಮೊದಲ ಭಾನುವಾರ ಪೂರ್ತಿ ಹಾಳು. ಅಂಗಡಿಯ ಹಳೇ ಕಂಪ್ಯೂಟರಿಗೆ ಬೋರ್ಡು ಕಾಣಿಸಲೇ ಇಲ್ಲ. ಕೇಬಲ್ ಸರಿಯಿಲ್ಲ ಅಂದುಕೊಂಡು ಪ್ರಿಂಟರಿನ ಕೇಬಲ್ ಕಿತ್ತು ಹಾಕಿದೆ (ಊನೊಗೂ ಪ್ರಿಂಟರಿಗೂ ಒಂದೇ ಥರದ ಕೇಬಲ್, ಇದೊಂದು ಲಾಭ). ಆಗಲೂ ಇಲ್ಲ. ಸೋಮವಾರ ಒಬ್ಬ ಹುಡುಗ ಬಂದು, "ಅಣ್ಣ, ನಕಲಿ ಬೋರ್ಡಲ್ಲಿ ಸಿಎಚ್340 ಅಂತ ಚಿಪ್ ಇರುತ್ತೆ, ಅದರ ಡ್ರೈವರ್ ಹಾಕಿ" ಅಂದ. ಡ್ರೈವರ್ ಅಂದರೆ ಆ ಚಿಪ್ಪನ್ನು ಕಂಪ್ಯೂಟರಿಗೆ ಪರಿಚಯಿಸುವ ಸಣ್ಣ ಸಾಫ್ಟ್‌ವೇರ್. ಎರಡು ನಿಮಿಷದ ಕೆಲಸ. ಒಂದು ಭಾನುವಾರ ಹೋಗಿದ್ದು ಹೋಯಿತು.

ಕೊನೆಗೂ ರೋಬೋಟ್ ಓಡಿತು. ಎಡಕ್ಕೆ! ಅದೇ ಸೋಫಾ ಕಾಲು.

ಮಗಳಿಗೆ ಈ ಸಲ ಬೇಜಾರಾಗಲಿಲ್ಲ. "ತಾತಾ, ಇದರಲ್ಲಿ ಕಡ್ಡಿ ಇದೆ" ಅಂದಳು. ಮೋಟಾರಿನ ವೇಗವನ್ನು ಸೊನ್ನೆಯಿಂದ 255ರ ತನಕ ಯಾವ ಸಂಖ್ಯೆಯಲ್ಲಾದರೂ ಬರೆಯಬಹುದು. ಎಡಕ್ಕೆ ಎಳೆಯುತ್ತಿದೆ ಅಂದರೆ ಬಲಗಡೆ ಚಕ್ರ ಜೋರಾಗಿದೆ. ಹಾಗಾದರೆ ಬಲಕ್ಕೆ 240 ಹಾಕೋಣ. ಹಾಕಿದಳು. ಏನೂ ವ್ಯತ್ಯಾಸ ಇಲ್ಲ. 200. ಇಲ್ಲ. 100. ಇಲ್ಲವೇ ಇಲ್ಲ, ಅದೇ ಓಟ, ಅದೇ ಸೋಫಾ. ಎರಡು ಸಂಜೆ ಹೀಗೇ ಹೋದವು. ಪ್ರೋಗ್ರಾಮಿನಲ್ಲಿ ತಪ್ಪಿದೆ ಅಂತ ಸಾಲು ಸಾಲು ಓದಿದಳು. ಬರೆದದ್ದನ್ನೇ ಅಳಿಸಿ ಮತ್ತೆ ಬರೆದಳು. ಸಂಖ್ಯೆ ಬದಲಾಯಿಸಿದರೂ ಚಕ್ರ ಕೇಳುತ್ತಿಲ್ಲ ಅಂದರೆ ಆ ಸಂಖ್ಯೆ ಚಕ್ರದ ತನಕ ಹೋಗುತ್ತಲೇ ಇಲ್ಲ, ಅಲ್ವಾ? ಈ ಮಾತು ಅವಳೇ ಹೇಳಿದ್ದು, ನನಗೆ ಹೊಳೆದಿರಲಿಲ್ಲ.

ಮೋಟಾರಿಗೆ ಕರೆಂಟು ಕೊಡುವುದು ಎಲ್298ಎನ್ ಅನ್ನುವ ಕೆಂಪು ಬೋರ್ಡು. ಅದರ ಎರಡು ಬದಿಗೆ ಉದ್ದಿನಕಾಳಿನಷ್ಟು ಸಣ್ಣ ಕರಿ ಟೋಪಿ ಕೂತಿರುತ್ತವೆ, ಜಂಪರ್ ಅನ್ನುತ್ತಾರೆ. ಅಪ್ಪ ಭೂತಗನ್ನಡಿ ಹಿಡಿದು ಟೋಪಿಯ ಪಕ್ಕ ಬರೆದಿರುವ ಅಕ್ಷರ ಓದಿದರು: ಇಎನ್‌ಎ, ಇಎನ್‌ಬಿ. ಟೋಪಿ ಇರುವ ತನಕ ಮೋಟಾರಿಗೆ ಸದಾ ಪೂರ್ತಿ ವೇಗದ ಅಪ್ಪಣೆ, ನೀವು ಏನೇ ಸಂಖ್ಯೆ ಬರೆದರೂ ಅದಕ್ಕೆ ಕೇಳಿಸುವುದಿಲ್ಲ. ಅದನ್ನು ಕಿತ್ತು, ಕೆಳಗೆ ಕಾಣುವ ಪಿನ್ನಿಗೆ ಆರ್ಡುಯಿನೊದಿಂದ ವೈರು ಎಳೆಯಬೇಕು. ಅಪ್ಪನ ಚಿಮುಟದಲ್ಲಿ ಟೋಪಿ ಎರಡೂ ಬಂದವು. ಆ ಚಿಮುಟ ಇಷ್ಟು ವರ್ಷ ಷೋಕೇಸಿನಲ್ಲಿ ಸುಮ್ನೆ ಇತ್ತು.

ಆಮೇಲೆ ಇಳಿಸುತ್ತಾ ಬಂದರು. 240ಕ್ಕೆ ಅರ್ಧ ಟೈಲ್ ತಪ್ಪು. 210ಕ್ಕೆ ಬಲಕ್ಕೆ ಸರಿಯಿತು. 225, ಇನ್ನೊಂಚೂರು. 221ಕ್ಕೆ ಗೆರೆ ಹಿಡಿದು ಅಡುಗೆಮನೆ ಬಾಗಿಲ ತನಕ ಹೋಯಿತು. ರೋಬೋಟಿನ ಹಲಗೆಯ ಮೇಲೆ ಮಗಳು ಪೆನ್ಸಿಲಿನಲ್ಲಿ 221 ಅಂತ ಬರೆದಿದ್ದಾಳೆ. ಪಕ್ಕದಲ್ಲಿ 217 ಅಂತಲೂ ಇದೆ, ಅದು ಬ್ಯಾಟರಿ ಇಳಿದಾಗಿನದು.

255 ಯಾಕೆ, ನೂರು ಅಂತ ಇಡಬಾರದಿತ್ತಾ ಅಂತ ಅಂಗಡಿಗೆ ಬಂದ ಹುಡುಗನನ್ನು ಹಿಡಿದು ಕೇಳಿದಳು. ಅವನು ಎಂಟು ಸ್ವಿಚ್ಚಿನ ಚಿತ್ರ ಬರೆದ. ಒಂದೊಂದೂ ಆನ್ ಇಲ್ಲವೇ ಆಫ್. ಎಂಟು ಸ್ವಿಚ್ಚಿನಲ್ಲಿ ಎಷ್ಟು ಥರ ಇಡಬಹುದು ಎಣಿಸು ಅಂದ. 256. ಸೊನ್ನೆಯಿಂದ ಎಣಿಸಿದರೆ ಕೊನೆಯದು 255. ಕೆಟ್ಟುಹೋದ ಜೆರಾಕ್ಸ್ ಹಾಳೆಯ ಹಿಂದೆ ಬರೆದ ಆ ಚಿತ್ರ ಇನ್ನೂ ಅವಳ ನೋಟ್‌ಬುಕ್ಕಿನಲ್ಲಿದೆ. ಡಬ್ಬದ ಕಿಟ್‌ನ ನಿಧಾನ, ಮಧ್ಯಮ, ಜೋರು ನೋಡಿ ಯಾರಿಗೆ ಈ ಪ್ರಶ್ನೆ ಹುಟ್ಟುತ್ತದೆ ಹೇಳಿ?

ಉಳಿದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನೋಡೋಕೆ ಚೆಂದ ಯಾವುದು ಅಂದರೆ ಡಬ್ಬದ್ದೇ, ಎರಡು ಮಾತಿಲ್ಲ. ನಮ್ಮ ಬಿಡಿ ಸಾಮಾನಿನ ರೋಬೋಟ್ ವೈರು ಕೆದರಿಕೊಂಡು ಹುಚ್ಚನ ಥರ ಕಾಣುತ್ತದೆ. ಟೈಪಿಂಗ್ ವಿಷಯದಲ್ಲಿ ಆರ್ಡುಯಿನೊ ಬಲು ಹಟಮಾರಿ. ಒಂದು ಸೆಮಿಕೋಲನ್ ಬಿಟ್ಟರೆ ಮುಂದಿನ ಸಾಲಿನಲ್ಲಿ ತಪ್ಪಿದೆ ಅನ್ನುತ್ತದೆ, ದೊಡ್ಡಕ್ಷರ ಸಣ್ಣಕ್ಷರ ಆಚೀಚೆ ಆದರೂ ಒಪ್ಪುವುದಿಲ್ಲ. ಮೊದಲ ವಾರ ಅಳು ಬಂದಿತ್ತು. ಬ್ಲಾಕ್‌ಗಳಲ್ಲಿ ಈ ರಗಳೆ ಇಲ್ಲ.

ಅಡ್ಡ ಬಂದದ್ದನ್ನು ನೋಡುವ ಸೆನ್ಸರ್ ನಮ್ಮದರಲ್ಲೂ ಬಾಮೈದನ ಕಾರಿನಲ್ಲೂ ಒಂದೇ, ಎರಡು ಕಣ್ಣಿನ ಎಚ್‌ಸಿ-ಎಸ್‌ಆರ್04. ನಮಗೆ ಕೇಳಿಸದ ಸದ್ದು ಬಿಟ್ಟು, ಅದು ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಅಳೆದು ದೂರ ಹೇಳುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ಸೇರುವುದರಿಂದ ಅರ್ಧ ಮಾಡಬೇಕು. ಗೋಡೆ ಕಂಡರೆ ಎರಡೂ ಜಾಣತನದಿಂದ ನಿಲ್ಲುತ್ತವೆ. ಒಣಗಲು ಹಾಕಿದ ಬೆಡ್‌ಶೀಟ್ ಇಳಿಬಿದ್ದಿದ್ದರೆ ಎರಡೂ ನುಗ್ಗುತ್ತವೆ. ಮೆತ್ತಗಿನ ಬಟ್ಟೆ ಸದ್ದನ್ನು ನುಂಗಿಬಿಡುತ್ತದೆ.

ಬ್ಯಾಟರಿಗೆ ಮಾತ್ರ ಜಿಪುಣತನ ಮಾಡಬೇಡಿ. ಚೌಕದ 9 ವೋಲ್ಟ್ ಬ್ಯಾಟರಿಯಲ್ಲಿ ಎರಡು ಮೋಟಾರು ಎಳೆಯುವ ಕಸುವಿಲ್ಲ. ಗುಂಯ್ ಅಂದು ನಿಲ್ಲುತ್ತದೆ, ಬೋರ್ಡೂ ಮತ್ತೆ ಮತ್ತೆ ಆಫ್ ಆಗಿ ಆನ್ ಆಗುತ್ತದೆ. ಚಾರ್ಜ್ ಮಾಡುವ 18650 ಲಿಥಿಯಂ ಸೆಲ್ ಎರಡು ಹಾಕಿದರೆ 7.4 ವೋಲ್ಟ್, ಅದರಲ್ಲಿ ಆ ಕೆಂಪು ಬೋರ್ಡೇ ಸುಮಾರು ಎರಡು ವೋಲ್ಟ್ ತಿಂದು ಉಳಿದದ್ದು ಮೋಟಾರಿಗೆ. ಹಳದಿ ಮೋಟಾರಿಗೆ ಅಷ್ಟೇ ಸಾಕು. ಸೆಲ್ಲಿನ ಎರಡು ತುದಿ ತಾಗಿಸಬೇಡಿ, ಬೆಂಕಿ ಸಾಮಾನು ಅದು. ಚಾರ್ಜಿಗೆ ಇಟ್ಟು ಮಲಗುವುದೂ ಬೇಡ.

ಮನೆಯಲ್ಲಿ ಕಂಪ್ಯೂಟರೇ ಇಲ್ಲದವರಿಗೆ, ಅಥವಾ ಕೇಳಲು ಆಚೀಚೆ ಒಬ್ಬರೂ ಇಲ್ಲದವರಿಗೆ ನನ್ನ ದಾರಿ ಕಷ್ಟ. ನನಗೆ ಅಂಗಡಿಯ ಕಂಪ್ಯೂಟರ್ ಇತ್ತು, ಬೈಂಡಿಂಗ್ ಹುಡುಗರಿದ್ದರು, ಚಿಮುಟ ಇಟ್ಟುಕೊಂಡ ಅಪ್ಪ ಇದ್ದರು. ನಾನು ಗೆದ್ದದ್ದು ಆ ಬಲದ ಮೇಲೆ. ನೀವು ತಗೊಳ್ಳುವುದಾದರೆ ಮೋಟಾರು ಎರಡು ಜಾಸ್ತಿ ತನ್ನಿ, ಹಿಂದಿನ ತಗಡಿನ ಕೊಂಡಿಗೆ ಬೆಸುಗೆ ಹಾಕುವಾಗ ಒಂದು ಮುರಿಯುವುದು ಖಂಡಿತ.

ಡಬ್ಬದ ರೋಬೋಟನ್ನು ಮಾರೋಣ ಅಂತಿದ್ದೆ. ಮೊನ್ನೆ ನೋಡಿದರೆ ಮಗಳೂ ಅಪ್ಪನೂ ಸೇರಿ ಅದರ ತಳ ಬಿಚ್ಚಿದ್ದಾರೆ. ಬಿಳಿ ಹೊದಿಕೆಯ ಒಳಗೆ ಅದೇ ಹಳದಿ ಮೋಟಾರು. ಈಗ ಅದಕ್ಕೂ ಒಂದು ಆರ್ಡುಯಿನೊ ಬೇಕಂತೆ, ನಾನೂರೈವತ್ತು ಕೇಳಿದ್ದಾಳೆ. ಮೇ-ಜೂನ್ ಬೈಂಡಿಂಗ್ ದುಡ್ಡು ಬರಲಿ ಅಂದಿದ್ದೇನೆ.