ಮನೆಯ ಸರ್ವರ್‌ನಲ್ಲಿ ಮೂರು ವರ್ಷ ಎಲ್‌ವಿಎಂ: ಹಂಚದೆ ಉಳಿಸಿದ ಜಾಗವೇ ಕೈಹಿಡಿಯಿತು

ಕಲಬುರಗಿಯ ನಮ್ಮ ಮನೆಯಲ್ಲಿ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿದ ಹಳೆಯ ಡೆಸ್ಕ್‌ಟಾಪ್ ಒಂದು ಹಗಲಿರುಳು ಸರ್ವರ್ ಆಗಿ ದುಡಿಯುತ್ತಿದೆ. ಕುಟುಂಬದ ಫೋಟೊಗಳು, ಹೊಲದ ಪಹಣಿ ಮೊದಲಾದ ಕಾಗದಪತ್ರಗಳು, ತಂದೆಯವರು ಭಜನೆಯ ರಾತ್ರಿಗಳಲ್ಲಿ ಧ್ವನಿಮುದ್ರಿಸಿಕೊಂಡ ತತ್ವಪದಗಳು ಎಲ್ಲವೂ ಅದರಲ್ಲಿವೆ. ಅದರ ಡಿಸ್ಕ್‌ಗಳನ್ನು ಲಿನಕ್ಸ್‌ನ ಎಲ್‌ವಿಎಂ (ಡಿಸ್ಕ್‌ನ ಜಾಗವನ್ನು ಮುಂದೆ ಹಿಗ್ಗಿಸಬಹುದಾದ ವಿಭಾಗಗಳಾಗಿ ಹಂಚುವ ಸಾಧನ) ಮೂಲಕ ವಿಭಾಗಿಸಿ ಮೂರು ವರ್ಷ ಬಳಸಿದ್ದೇನೆ.

ಅದಕ್ಕೂ ಮೊದಲು ಸಾಮಾನ್ಯ ಪಾರ್ಟಿಶನ್‌ಗಳಿದ್ದವು: ವ್ಯವಸ್ಥೆಯ ಕಡತಗಳಿರುವ ರೂಟ್‌ಗೆ 30 ಜಿಬಿ, ಉಳಿದುದೆಲ್ಲ ನಮ್ಮ ಸ್ವಂತ ಕಡತಗಳ ಹೋಮ್‌ಗೆ. ಲಾಗ್‌ಗಳು, ಡೇಟಾಬೇಸ್, ಡಾಕರ್ ಇಮೇಜ್‌ಗಳು (ಆ್ಯಪ್‌ಗಳ ಸಿದ್ಧ ಕಟ್ಟುಗಳು) ಸೇರುವ ವಾರ್ (/var) ಡೈರೆಕ್ಟರಿ ರೂಟ್‌ನೊಳಗೇ ಇದ್ದುದರಿಂದ ಎಂಟು ತಿಂಗಳಲ್ಲಿ ರೂಟ್ ತುಂಬಿತು, ಫೋಟೊಗಳ ಡೇಟಾಬೇಸ್ ನಿಂತುಹೋಯಿತು. ಪಕ್ಕದ ಹೋಮ್‌ನಲ್ಲಿ ನೂರಾರು ಜಿಬಿ ಖಾಲಿ ಬಿದ್ದಿದ್ದರೂ ರೂಟ್‌ಗೆ ದಕ್ಕುವಂತಿರಲಿಲ್ಲ. ರೂಟ್‌ಗೆ ಜಾಗ ಬಿಡಲು ಹೋಮ್‌ನ ಆರಂಭವನ್ನು ಸರಿಸಬೇಕೆಂದರೆ ಅದರೊಳಗಿನ ಮಾಹಿತಿಯನ್ನೆಲ್ಲ ಡಿಸ್ಕ್‌ನ ಮೇಲೆ ಬೇರೆಡೆಗೆ ಎತ್ತಿಡಬೇಕಾಗುತ್ತದೆ. ಗಂಟೆಗಟ್ಟಲೆ ಹಿಡಿಯುವ ಆ ಕೆಲಸದ ನಡುವೆ ಕರೆಂಟ್ ಹೋದರೆ ಎಲ್ಲವನ್ನೂ ಕಳೆದುಕೊಳ್ಳುವ ಭಯವಿತ್ತು, ಅದೂ ಮೇ ತಿಂಗಳು. ಕೊನೆಗೆ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ನಕಲಿಸಿ ಹೊಸದಾಗಿ ಕಟ್ಟಿದೆ.

ಈಗಿನ ವ್ಯವಸ್ಥೆಯಲ್ಲಿ 256 ಜಿಬಿಯ ಎಸ್‌ಎಸ್‌ಡಿ ಮೇಲೆ ರೂಟ್‌ಗೆ 40, ವಾರ್‌ಗೆ 60, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಕೆಯಾಗುವ ಜಾಗ) 8 ಜಿಬಿ ಕೊಟ್ಟು ಅರ್ಧದಷ್ಟನ್ನು ಹಾಗೆಯೇ ಬಿಟ್ಟಿದ್ದೇನೆ. 4 ಟಿಬಿಯ ಹಾರ್ಡ್ ಡಿಸ್ಕ್‌ನಲ್ಲಿ (ಲಿನಕ್ಸ್ ಲೆಕ್ಕದಲ್ಲಿ ಅದು ಸುಮಾರು 3.6) ಮೊದಲು ಫೋಟೊಗಳ ವಿಭಾಗಕ್ಕೆ 1.5 ಟಿಬಿಯನ್ನಷ್ಟೇ ಹಂಚಿದೆ. ಮುಂದೆ ಫೋಟೊಗಳು ಹೆಚ್ಚಿದಂತೆ ಎರಡು ಸಲ ಅರ್ಧರ್ಧ ಟಿಬಿ ಸೇರಿಸಿದೆ. ವಿಭಾಗ ಹಿಗ್ಗಿಸುವ ಎಲ್‌ವಿಎಕ್ಸ್‌ಟೆಂಡ್ (lvextend) ಆದೇಶಕ್ಕೆ 'ಆರ್' (-r) ಆಯ್ಕೆ ಕೊಟ್ಟರೆ, ಅದರೊಳಗೆ ಕಡತಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಕೂಡ ಜತೆಗೇ ಹಿಗ್ಗುತ್ತದೆ. ಮನೆಯವರು ಫೋಟೊ ನೋಡುತ್ತಿರುವಾಗಲೇ ಕೆಲಸ ಮುಗಿದಿತ್ತು. ಆದರೆ ಕುಗ್ಗಿಸುವುದು ಹೀಗೆ ಸಲೀಸಲ್ಲ. ನಾನು ಬಳಸುವ ಎಕ್ಸ್ಟ್4 (ext4) ಫೈಲ್ ಸಿಸ್ಟಮ್ ಅನ್ನು ಅನ್‌ಮೌಂಟ್ ಮಾಡಿಯೇ (ಬಳಕೆಯಿಂದ ಕಳಚಿಯೇ) ಕುಗ್ಗಿಸಬೇಕು, ಎಕ್ಸ್‌ಎಫ್‌ಎಸ್ (XFS) ಎಂಬ ಇನ್ನೊಂದರಲ್ಲಂತೂ ಕುಗ್ಗಿಸುವ ಭರವಸೆ ಇಟ್ಟುಕೊಳ್ಳಲೇಬಾರದು. ಆದ್ದರಿಂದ ಕಡಿಮೆ ಕೊಟ್ಟು ಆರಂಭಿಸುವುದೇ ಲೇಸು.

ಎಕ್ಸ್ಟ್4 ತಾನಾಗಿಯೇ ಶೇಕಡ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆ (ಸರ್ವಾಧಿಕಾರವುಳ್ಳ ನಿರ್ವಾಹಕ ಖಾತೆಗೆ) ಕಾದಿರಿಸುತ್ತದೆ. ಫೋಟೊಗಳ ವಿಭಾಗಕ್ಕೆ ಅಷ್ಟು ಬೇಕಿಲ್ಲವಾದ್ದರಿಂದ ಟ್ಯೂನ್‌ಟುಎಫ್‌ಎಸ್ (tune2fs) ಆದೇಶ ಬಳಸಿ ಶೇಕಡ 1ಕ್ಕೆ ಇಳಿಸಿದಾಗ 1.5 ಟಿಬಿಯಲ್ಲಿ ಸುಮಾರು 60 ಜಿಬಿ ಮರಳಿ ಸಿಕ್ಕಿತು. ರೂಟ್ ವಿಭಾಗದಲ್ಲಿ ಮಾತ್ರ ಇದನ್ನು ಮುಟ್ಟಬೇಡಿ.

ಒಂದು ಪೆಟ್ಟು ಇಲ್ಲಿಯೂ ಬಿತ್ತು. ಹಾರ್ಡ್ ಡಿಸ್ಕ್ ಸಿಗದಿದ್ದರೂ ಯಂತ್ರ ಏಳಲಿ ಎಂದು ಯಾವ ವಿಭಾಗ ಎಲ್ಲಿ ಮೌಂಟ್ ಆಗಬೇಕು (ಜೋಡಣೆಯಾಗಬೇಕು) ಎಂದು ಹೇಳುವ ಎಫ್‌ಎಸ್‌ಟ್ಯಾಬ್ (fstab) ಕಡತದಲ್ಲಿ 'ನೋಫೇಲ್' (nofail) ಎಂದು ಬರೆದಿದ್ದೆ. ಸಾಟಾ ಕೇಬಲ್ ಸಡಿಲಗೊಂಡ ದಿನ ಯಂತ್ರವೇನೋ ಎದ್ದಿತು, ಆದರೆ ಫೋಟೊ ಆ್ಯಪ್, ಡಿಸ್ಕ್ ಮೌಂಟ್ ಆಗಬೇಕಿದ್ದ ರೂಟ್‌ನ ಖಾಲಿ ಡೈರೆಕ್ಟರಿಯೊಳಗೇ ಹೊಸ ಚಿತ್ರಗಳನ್ನು ತುಂಬುತ್ತ ಹೋಗಿ ರೂಟ್ ಉಸಿರುಗಟ್ಟಿತು. ಈಗ ಡಿಸ್ಕ್ ಮೌಂಟ್ ಆಗದ ಸ್ಥಿತಿಯಲ್ಲಿ ಆ ಖಾಲಿ ಡೈರೆಕ್ಟರಿಗೆ ಚಾಟರ್ (chattr) ಆದೇಶದಿಂದ ಬೀಗ ಹಾಕಿದ್ದೇನೆ. ಅದರೊಳಗೆ ರೂಟ್ ಬಳಕೆದಾರನೂ ಬರೆಯಲಾರ.

ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ಎರಡನ್ನೂ ಒಂದೇ ವಾಲ್ಯೂಮ್ ಗ್ರೂಪ್‌ಗೆ (ಎಲ್‌ವಿಎಂ ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಗುಂಪಿಗೆ) ಸೇರಿಸಲಿಲ್ಲ, ಏಕೆಂದರೆ ಎರಡರ ಮೇಲೂ ಹಬ್ಬಿದ ವಿಭಾಗ ಯಾವುದೊಂದು ಡಿಸ್ಕ್ ಕೆಟ್ಟರೂ ಕೈತಪ್ಪುತ್ತದೆ. ಎಲ್‌ವಿಎಂ ಬ್ಯಾಕಪ್ ಅಲ್ಲ ಎಂಬುದನ್ನು ಮರೆಯದಿರಲು ಪ್ರತಿ ಅಮಾವಾಸ್ಯೆಯಂದು, ಗಾಡಿಯ ಪೂಜೆ ಮುಗಿದ ಮೇಲೆ, ಹೊರಗಿನ ಡಿಸ್ಕ್‌ಗೆ ನಕಲು ತೆಗೆಯುವ ರೂಢಿ ಮಾಡಿಕೊಂಡಿದ್ದೇನೆ.

ಹಾರ್ಡ್ ಡಿಸ್ಕ್‌ನಲ್ಲಿ ಇನ್ನೂ 1.1 ಟಿಬಿ ಯಾರ ಹೆಸರಿಗೂ ಹೋಗದೆ ಉಳಿದಿದೆ. ತಂದೆಯವರ ಕ್ಯಾಸೆಟ್‌ಗಳಲ್ಲಿ ಅರ್ಧದಷ್ಟನ್ನು ಇನ್ನೂ ಕಂಪ್ಯೂಟರ್‌ಗೆ ಇಳಿಸಬೇಕಿದೆ. ಆಗ ಬೇಕಾದಷ್ಟನ್ನೇ ಅಳೆದು ಕೊಡುತ್ತೇನೆ.